ಹೆಸರು ಇಳಿಸಿಕೊಟ್ಟ ನೋಣಯ್ಯ

ಪೊಳಲಿಯ ಸುತ್ತಮುತ್ತ ಯಾರ ತೋಟದ ಪಂಪು ಕೈಕೊಟ್ಟರೂ ಜನ ಕರೆಯುವುದು ನೋಣಯ್ಯನನ್ನು. ಕರೆಯುತ್ತಿದ್ದದ್ದು ಎನ್ನಬೇಕು. ಕಳೆದ ದೀಪಾವಳಿ ಮುಗಿದ ಮೇಲೆ ಅವನಿಗೆ ಆ ಹೆಸರಿಲ್ಲ. ಸತ್ತಿಲ್ಲ, ಗುಂಡುಕಲ್ಲಿನ ಹಾಗಿದ್ದಾನೆ. ನಿನ್ನೆಯೂ ನನ್ನ ಮನೆಗೆ ಬಂದು ಚಾ ಕುಡಿದು, ಇದರಲ್ಲಿ ಚಾಹುಡಿ ಒಂದು ಬಿಟ್ಟು ಉಳಿದದ್ದೆಲ್ಲ ಉಂಟು ಎಂದು ಬೈದು ಹೋದ. ಹೆಸರನ್ನು ಮಾತ್ರ ಬದುಕಿರುವಾಗಲೇ ಕ್ರಮಪ್ರಕಾರ ಇಳಿಸಿ ಇನ್ನೊಬ್ಬನಿಗೆ ಕೊಟ್ಟುಬಿಟ್ಟ. ಯಾಕೆ ಕೊಟ್ಟ, ಹೇಗೆ ಕೊಟ್ಟ ಎಂದು ಊರಲ್ಲಿ ನಾಲ್ಕು ಬಗೆಯ ಕತೆ ಓಡಾಡುತ್ತಿವೆ. ನಾನು ಅಂಗಳದಲ್ಲೇ ನಿಂತಿದ್ದವನು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನೋಣಯ್ಯ ನೌಕಾಪಡೆ ಸೇರಿದ್ದು 1981ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ. ದೇಶಸೇವೆಯ ಹುಚ್ಚಿನಿಂದಲ್ಲ. ಮಂಗಳೂರಿನಲ್ಲಿ ಭರ್ತಿ ಉಂಟೆಂದು ಗೆಳೆಯ ಹೊರಟಿದ್ದ, ಬಸ್ಸಿನಲ್ಲಿ ಮಾತಾಡಲು ಜನ ಬೇಕೆಂದು ಇವನನ್ನು ಎಳೆದುಕೊಂಡು ಹೋದ. ಗೆಳೆಯ ಎದೆಯ ಅಳತೆಯಲ್ಲಿ ಬಿದ್ದ. ಇವನು ಪಾಸಾದ. ಹದಿನೈದು ವರ್ಷ ದುಡಿದ, ಅದರಲ್ಲಿ ಐದು ವರ್ಷ ‘ಉದಯಗಿರಿ’ ಎಂಬ ಯುದ್ಧನೌಕೆಯ ಬಾಯ್ಲರ್ ರೂಮಿನಲ್ಲಿ ಬೆಂಕಿ ನೋಡಿಕೊಳ್ಳುವ ಸ್ಟೋಕರ್. ಸಮುದ್ರ ಹೇಗಿತ್ತು ಎಂದು ಯಾರಾದರೂ ಕೇಳಿದರೆ, “ನನಗೆಂತ ಗೊತ್ತು ಮಾರಾಯ? ಅದು ಮೇಲೆ ಇತ್ತು, ನಾನು ಕೆಳಗೆ ಬೇಯ್ತಾ ಇದ್ದೆ” ಎನ್ನುತ್ತಾನೆ. 1996ರಲ್ಲಿ ಬಿಟ್ಟು ಬಂದು, ಬಾಯ್ಲರ್ ಕಲಿಸಿದ ವಿದ್ಯೆಯಲ್ಲಿ ತೋಟದ ಪಂಪುಗಳ ರಿಪೇರಿಗೆ ಇಳಿದ. ಬ್ಯಾಂಕಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತ್ತು. ಬೇರೆಯವರ ಬಾಗಿಲು ಕಾಯುವುದಕ್ಕಿಂತ ಬೇರೆಯವರ ಬಾವಿಗೆ ಇಳಿಯುವುದು ಒಳ್ಳೆಯದು ಎಂದು ಬಿಟ್ಟ.

ನನಗೆ ಅವನ ಪರಿಚಯವಾದದ್ದು ಧರಣಿಯಲ್ಲಿ. ಇಪ್ಪತ್ತು ವರ್ಷದ ಹಿಂದೆ ನಮ್ಮ ಕಡೆಗೆ ಸರಕಾರಿ ಬಸ್ಸು ಬೇಕೆಂದು ಬಿ.ಸಿ. ರೋಡು ಪೇಟೆಯಲ್ಲಿ ಕೂತಿದ್ದೆವು. ಮೊದಲ ದಿನ ಇನ್ನೂರು ಜನ, ಮೂರನೆಯ ದಿನಕ್ಕೆ ಏಳು ಜನ, ಅದರಲ್ಲಿ ನಾಲ್ವರು ನಿದ್ದೆಯಲ್ಲಿ. ಪಂಪಿನ ಬಿಡಿಭಾಗ ತರಲು ಪೇಟೆಗೆ ಬಂದ ನೋಣಯ್ಯ ಪೆಂಡಾಲಿನೊಳಗೆ ಇಣುಕಿ, “ಇದೆಂತ ಧರಣಿಯಾ, ಧರ್ಮಾಸ್ಪತ್ರೆಯಾ?” ಎಂದು ಕೇಳಿದ. ಒಂದು ಕಾಗದ ತೆಗೆದುಕೊಂಡು ಗೆರೆ ಎಳೆದ. ಒಬ್ಬೊಬ್ಬರಿಗೆ ನಾಲ್ಕು ಗಂಟೆಯ ಪಾಳಿ, ಪಾಳಿ ಮುಗಿದವನು ಮನೆಗೆ ಹೋಗಿ ಗಂಜಿ ಕುಡಿದು ಬರಬೇಕು. “ಹಡಗಿನಲ್ಲಿ ಎಲ್ಲರೂ ಒಟ್ಟಿಗೆ ಎಚ್ಚರ ಇರುವುದಿಲ್ಲ, ಎಲ್ಲರೂ ಒಟ್ಟಿಗೆ ಮಲಗುವುದೂ ಇಲ್ಲ. ಅದಕ್ಕೇ ಅದು ಮುಳುಗುವುದಿಲ್ಲ” ಎಂದ. ನಮ್ಮ ಧರಣಿ ಇಪ್ಪತ್ತೊಂದು ದಿನ ಮುಳುಗದೆ ನಿಂತಿತು. ಬಸ್ಸೂ ಬಂತು. ಎರಡು ವರ್ಷದಲ್ಲಿ ಮತ್ತೆ ನಿಂತುಹೋಯಿತು, ಅದು ಬೇರೆ ಕತೆ.

ಅವನ ಹೆಸರಿನ ವಿಚಾರಕ್ಕೆ ಬರುತ್ತೇನೆ. ನೋಣಯ್ಯ ಎಂಬುದು ಅವನ ತಾಯಿಮನೆಯ ಹೆಸರು. ಅಜ್ಜಿಯ ಅಣ್ಣನೊಬ್ಬ ನೋಣಯ್ಯ ಇದ್ದ, ಅವನಿಗಿಂತ ಹಿಂದೆ ಇನ್ನೊಬ್ಬನಿದ್ದ, ಇವನು ಮೂರನೆಯವನು. ಹಡಗಿನಲ್ಲಿ ಉತ್ತರದ ಸಾಹೇಬರ ನಾಲಿಗೆಗೆ ಅದು ಹೊರಳಲಿಲ್ಲ. ಒಬ್ಬ ನೋನಿಯಾ ಅಂದ, ಒಬ್ಬ ನಾನಯ್ಯ ಅಂದ, ಒಬ್ಬನಂತೂ ಐದು ವರ್ಷವೂ ‘ಏಯ್ ಮ್ಯಾಂಗಲೋರ್’ ಎಂದೇ ಕರೆದ. ಊರಿನವನೇ ಆದ ಒಬ್ಬ ಮುಂಬೈಯಲ್ಲಿ ತನ್ನ ಹಳೆಯ ಹೆಸರನ್ನು ಕಿತ್ತುಹಾಕಿ ನವೀನ ಆಗಿದ್ದ. ನೀನೂ ಬದಲಿಸು, ಎರಡು ರೂಪಾಯಿಯ ಸ್ಟ್ಯಾಂಪು ಸಾಕು ಎಂದು ಇವನಿಗೆ ಬುದ್ಧಿ ಹೇಳಿದ. ನೋಣಯ್ಯ ಅವನಿಗೆ ಕೊಟ್ಟ ಉತ್ತರ ನನಗೆ ಇಷ್ಟ. “ಇದು ನನ್ನ ಹೆಸರಲ್ಲ ಮಾರಾಯ. ನನ್ನ ಕೈಯಲ್ಲಿ ಕೊಟ್ಟದ್ದು. ಮುಂದಿನವನಿಗೆ ಕೊಡಲಿಕ್ಕೆ ಉಂಟು.”

ಇದು ಅವನ ಸ್ವಂತ ವೇದಾಂತವಲ್ಲ, ಹಡಗಿನಲ್ಲಿ ಕಲಿತದ್ದು. ನೌಕಾಪಡೆಯಲ್ಲಿ ಹಡಗಿಗೆ ವಯಸ್ಸಾಗುತ್ತದೆ, ಹೆಸರಿಗೆ ಆಗುವುದಿಲ್ಲ. ಕಬ್ಬಿಣ ಗುಜರಿಗೆ, ಹೆಸರು ದಾಸ್ತಾನಿಗೆ. ಹೊಸ ಹಡಗು ಕಟ್ಟಿದಾಗ ದಾಸ್ತಾನಿನಿಂದ ಹೆಸರನ್ನು ತೆಗೆದು, ಧೂಳು ಒರಸಿ ಅದಕ್ಕೆ ಇಡುತ್ತಾರೆ. ‘ಮೈಸೂರು’ ಎಂಬ ಹಡಗು ಒಂದಿತ್ತು, ಅದು ಹೋಗಿ ಇನ್ನೊಂದು ಮೈಸೂರು ಬಂತು. ‘ವಿಕ್ರಾಂತ್’ ಹೋಗಿ ಇಪ್ಪತ್ತೈದು ವರ್ಷದ ಮೇಲೆ ಅದರ ಎರಡರಷ್ಟು ದೊಡ್ಡ ವಿಕ್ರಾಂತ್ ಬಂತು. ‘ಖುಕ್ರಿ’ ಎಪ್ಪತ್ತೊಂದರ ಯುದ್ಧದಲ್ಲಿ ಜನರ ಸಮೇತ ಮುಳುಗಿತು. ಮುಳುಗಿದ ಹೆಸರು, ಅಪಶಕುನ ಎಂದು ಯಾರೂ ಅದನ್ನು ಮೂಲೆಗೆ ಹಾಕಲಿಲ್ಲ. ಮತ್ತೊಂದು ಹಡಗಿಗೆ ಇಟ್ಟು ಸಮುದ್ರಕ್ಕೆ ಕಳಿಸಿದರು. ನಿಯಮ ಒಂದೇ. ಹಳೆಯದು ಸೇವೆಯಿಂದ ಇಳಿಯುವವರೆಗೆ ಹೊಸದಕ್ಕೆ ಅದೇ ಹೆಸರಿಲ್ಲ. ಚಾಲ್ತಿಯಲ್ಲಿರುವ ಎರಡು ಹಡಗಿಗೆ ಒಂದೇ ಹೆಸರಾದರೆ, ಒಂದಕ್ಕೆ ಹೇಳಿದ್ದನ್ನು ಇನ್ನೊಂದು ಮಾಡಿ ಕೂತೀತು.

ಈ ನಿಯಮವನ್ನು ನೋಣಯ್ಯ ಮನೆಯಲ್ಲಿ ಕಟ್ಟುನಿಟ್ಟಾಗಿ ನಡೆಸಿದ. ಅವನ ಮೊಪೆಡಿನ ಮುಂದೆ ‘ಉದಯಗಿರಿ’ ಎಂದು ಬಣ್ಣದಲ್ಲಿ ಬರೆದಿದೆ. ಅದು ಆ ಹೆಸರಿನ ಮೂರನೆಯ ಮೊಪೆಡು. ಹಿಂದಿನದು ಗುಜರಿಗೆ ಹೋಗುವ ದಿನ ಅದರ ಹೆಸರನ್ನು ಉಜ್ಜಿ ತೆಗೆದು, ಮರುದಿನ ಹೊಸದಕ್ಕೆ ಬರೆಯುತ್ತಾನೆ. ಹಟ್ಟಿಯಲ್ಲಿ ಮೂರು ದನ: ಗಂಗೆ, ಗೋದಾವರಿ, ಗೋಮತಿ. ನೌಕಾಪಡೆಯಲ್ಲೂ ಇದೇ ಹೆಸರಿನ ಮೂರು ಹಡಗುಗಳಿದ್ದವು. ಅವರು ನಮ್ಮ ಹಟ್ಟಿಗಳಿಂದ ಕದ್ದರೋ, ಇವನು ಅಲ್ಲಿಂದ ತಂದನೋ, ಯಾರು ಬಲ್ಲರು? ಹಳೆಯ ಗಂಗೆ ಸತ್ತ ಮೇಲೆ ಅವಳ ಕರು ಗಂಗೆಯಾದಳು. ಅಲ್ಲಿಯವರೆಗೆ ಆ ಕರುವಿಗೆ ಹೆಸರೇ ಇರಲಿಲ್ಲ, ‘ಏ ಬಾ’ ಎಂದು ಕರೆಯುತ್ತಿದ್ದರು.

2025ರ ಆಗಸ್ಟಿನಲ್ಲಿ ಹೊಸ ‘ಉದಯಗಿರಿ’ ಸೇವೆಗೆ ಇಳಿಯಿತು. ಹಳೆಯದು ಹೋಗಿ ಹದಿನೆಂಟು ವರ್ಷವಾಗಿತ್ತು. ಕೈಕಂಬದಲ್ಲಿ ಟೈಲರ್ ಅಬ್ದುಲ್ ರಹಿಮಾನನ ಅಂಗಡಿಯಲ್ಲಿ ಕೂತು ಅದನ್ನು ಫೋನಿನಲ್ಲಿ ನೋಡಿದೆವು. ರಹಿಮಾನ್ ಮತ್ತು ನೋಣಯ್ಯ ಒಂದೇ ಬೆಂಚಿನಲ್ಲಿ ಕಲಿತವರು. ವಿಡಿಯೋದಲ್ಲಿ ಬ್ಯಾಂಡು ಮುಗಿದ ಮೇಲೂ ನೋಣಯ್ಯ ಫೋನನ್ನು ಕೆಳಗಿಡಲಿಲ್ಲ.

“ಇದರಲ್ಲಿ ಬಾಯ್ಲರ್ ಇಲ್ಲವಂತೆ” ಎಂದ. “ಒಳಗೆ ಇದ್ದವರು ಬೆವರುವುದೇ ಇಲ್ಲವಂತೆ. ಅಡ್ಡಿ ಇಲ್ಲ. ಹೆಸರು ಅದೇ ಉಂಟಲ್ಲ.”

“ನಿಂಗೆ ಅಳು ಬಂತಾ ನೋಣಯ್ಯಣ್ಣ?” ಎಂದು ರಹಿಮಾನ್ ಕೆಣಕಿದ.

“ನಿನ್ನ ಫೋನಿನ ಬೆಳಕು ಕಣ್ಣಿಗೆ ಹೊಡೀತದೆ. ಕಡಿಮೆ ಮಾಡ್ಲಿಕ್ಕೆ ಗೊತ್ತಿಲ್ಲವಾ ನಿಂಗೆ?”

ಆಗ ಅವನ ಒಬ್ಬಳೇ ಮಗಳು ಹರ್ಷಿತಾ ಏಳು ತಿಂಗಳ ಬಸುರಿ. ಮೂಡಬಿದಿರೆಯಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಗಂಡ ನಿತೇಶ್ ಅಳದಂಗಡಿಯವನು, ಶಾಮಿಯಾನ ಮತ್ತು ಸೌಂಡ್ ಸಿಸ್ಟಮ್ಮಿನ ವ್ಯಾಪಾರಸ್ಥ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಹರ್ಷಿತಾ ದೀಪಾವಳಿ ಕಳೆದು ಮೂರು ದಿನಕ್ಕೆ ಗಂಡುಮಗು ಹೆತ್ತಳು. ಹದಿನಾರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಆಯಿತು. ಹನ್ನೆರಡನೆಯ ದಿನ ನೋಣಯ್ಯನ ಹೆಂಡತಿ ವಾರಿಜಾಕ್ಷಿ ನನಗೆ ಫೋನು ಮಾಡಿದರು.

“ಅಣ್ಣಾ, ನೀವೊಮ್ಮೆ ಬಂದುಹೋಗಿ. ಇಲ್ಲಿ ಮಗುವಿಗಿಂತ ಜಾಸ್ತಿ ಇವರೇ ಕೂಗ್ತಾ ಇದ್ದಾರೆ.”

ಹೋದೆ. ಮನೆಯ ಚಾವಡಿಯಲ್ಲಿ ನಿತೇಶ್, ಅವನ ತಾಯಿ ಹರಿಣಾಕ್ಷಿ, ಬಾಗಿಲ ಹತ್ತಿರ ಮಗುವನ್ನು ಮಡಿಲಲ್ಲಿಟ್ಟುಕೊಂಡ ಹರ್ಷಿತಾ. ನೋಣಯ್ಯ ಮಾತ್ರ ನಿಂತಿದ್ದ. ನಾನು ಕಂಡ ಚಳವಳಿಗಳಲ್ಲಿ ಅರ್ಧದಷ್ಟು ಒಡೆದದ್ದು ಬ್ಯಾನರಿನಲ್ಲಿ ಯಾರ ಹೆಸರು ಮೊದಲು ಎಂಬ ಜಗಳದಲ್ಲಿ. ಹಾಗಾಗಿ ಗಾಳಿಯ ವಾಸನೆಯಲ್ಲೇ ವಿಷಯ ಗೊತ್ತಾಯಿತು.

“ಮನ್ವಿತ್ ಒಳ್ಳೆ ಹೆಸರು ಮಾವ” ಎನ್ನುತ್ತಿದ್ದ ನಿತೇಶ್. “ಕೇಳ್ಲಿಕ್ಕೂ ಚಂದ, ಬರೀಲಿಕ್ಕೂ ಸುಲಭ.”

“ನಿಮ್ಮ ಅಳದಂಗಡಿಯ ಅಂಗನವಾಡಿಯಲ್ಲಿ ಈಗ ಎಷ್ಟು ಮನ್ವಿತ್ ಉಂಟು? ಅದನ್ನು ಹೇಳು.”

ನಿತೇಶ್ ತಾಯಿಯ ಮುಖ ನೋಡಿದ. ಹರಿಣಾಕ್ಷಿಯವರು ಸುಳ್ಳು ಹೇಳಲು ಬಾರದ ಹೆಂಗಸು. “ಮೂರು” ಎಂದರು.

“ನೋಡಿ! ಚಾಲ್ತಿಯಲ್ಲೇ ಮೂರು!” ನೋಣಯ್ಯ ನನ್ನ ಕಡೆ ತಿರುಗಿದ. “ಟೀಚರು ಮನ್ವಿತ್ ಅಂತ ಕರೆದರೆ ಮೂರು ಹಡಗೂ ಒಟ್ಟಿಗೆ ಬಂದು ಡಿಕ್ಕಿ ಹೊಡೀಬೇಕಾ? ಒಂದು ಹೆಸರಿಗೆ ಒಂದೇ ಹಡಗು. ಲೋಕದ ಯಾವ ನೌಕಾಪಡೆಯನ್ನು ಬೇಕಾದರೂ ಕೇಳು.”

“ಸರಿ ಮಾವ, ಒಪ್ಪಿದೆ” ಎಂದ ನಿತೇಶ್. “ಹಾಗಾದರೆ ನೀವು ಹೇಳುವ ಹೆಸರು ಯಾವುದು?”

“ನೋಣಯ್ಯ.”

“ಅದೂ ಚಾಲ್ತಿಯಲ್ಲೇ ಉಂಟಲ್ಲ ಮಾವ? ಇಗೋ, ಎದುರಲ್ಲೇ ನಿಂತಿದೆ.”

ಹರಿಣಾಕ್ಷಿಯವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ನಕ್ಕೇಬಿಟ್ಟೆ. ಮೂವತ್ತು ವರ್ಷ ಊರಿಗೆಲ್ಲ ಹೇಳಿದ ನಿಯಮ ತಿರುಗಿ ಬಂದು ಅವನದೇ ಹೊಟ್ಟೆಗೆ ಗುದ್ದಿತ್ತು.

ಅಷ್ಟರಲ್ಲಿ ವಾರಿಜಕ್ಕ ಒಳಗಿನಿಂದ ಬಂದರು. ಕೈಯಲ್ಲಿ ಸೌಟು. “ನಿಮ್ಮ ಹಡಗಿನ ವಿಚಾರ ಆಯ್ತಲ್ಲ? ಈಗ ನನ್ನದು ಕೇಳಿ. ಹರ್ಷಿತಾ ಆರು ತಿಂಗಳಿಗೆ ಕೆಲಸಕ್ಕೆ ಹೋಗ್ತಾಳೆ. ಮಗು ನನ್ನ ಕೈಯಲ್ಲಿ. ಆ ಹೆಸರು ಇಟ್ಟರೆ ನಾನು ಇವನನ್ನು ಎಂತ ಅಂತ ಕರೆಯುವುದು? ಏ ಬಾ ಅಂತವಾ?”

ಗಂಡನ ಹೆಸರು ಹೇಳಬಾರದೆಂಬ ಕ್ರಮವನ್ನು ಈಗಿನ ಹುಡುಗಿಯರು ಬಿಟ್ಟಿದ್ದಾರೆ, ಒಳ್ಳೆಯದೇ ಆಯಿತು. ಆದರೆ ವಾರಿಜಕ್ಕ ಮದುವೆಯಾಗಿ ಮೂವತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲ ಆ ಹೆಸರನ್ನು ಬಾಯಿಂದ ಆಡಿದವರಲ್ಲ. ಎದುರಿಗೆ ‘ಓಯ್’, ಹಿಂದಿನಿಂದ ‘ಇವರು’. ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೆ ಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲೆ ದೂಡುತ್ತಾರೆ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವರ ಅಜ್ಜಿ ಹೇಳಿದ್ದು. ಇದೆಲ್ಲ ಗಂಡಸರು ಕಟ್ಟಿದ ಬೇಲಿ ಎಂದು ನಾನು ಎಷ್ಟೋ ಸಲ ವಾದ ಮಾಡಿದ್ದೇನೆ. “ಇರಬಹುದು ಅಣ್ಣಾ. ಆದರೆ ಆಯುಷ್ಯ ಹೋದರೆ ನೀವು ತಂದುಕೊಡ್ತೀರಾ?” ಎಂದು ಕೇಳುತ್ತಾರೆ.

ಹನ್ನೆರಡು ವರ್ಷದ ಹಿಂದೆ ಆ ಕ್ರಮದಿಂದ ಆಯುಷ್ಯವೇ ಹೋಗುತ್ತಿತ್ತು. ನೋಣಯ್ಯ ತನ್ನದೇ ಮನೆಯ ಬಾವಿಯಲ್ಲಿ ಪಂಪು ಎತ್ತಲು ಇಳಿದವನು ಕಾಲು ಜಾರಿ ನೀರಿಗೆ ಬಿದ್ದ. ವಾರಿಜಕ್ಕ ಗದ್ದೆಯ ಅಂಚಿನ ಹುಣಿಯ ಮೇಲೆ ಓಡುತ್ತ, “ಇವರು ಬಿದ್ದರು! ಇವರು ಬಿದ್ದರು!” ಎಂದು ಬೊಬ್ಬೆ ಹೊಡೆದರು. ಗದ್ದೆಯಲ್ಲಿದ್ದವರು ಕೇಳಿದರು: ಯಾರು? “ಇವರು!” ಯಾವ ಇವರು? “ಹರ್ಷಿತಾಳ ಅಪ್ಪ” ಎಂದು ಹೇಳಬೇಕೆಂದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಅವರು ಕೈ ತೋರಿಸಿದ ದಿಕ್ಕಿನಲ್ಲಿ ನೆರೆಮನೆಯ ಮುದುಕರೊಬ್ಬರ ಬಾವಿಯೂ ಇತ್ತು. ಹಗ್ಗ ಹಿಡಿದುಕೊಂಡು ಎಂಟು ಜನ ಆ ಬಾವಿಗೆ ಓಡಿದರು. ಇಣುಕಿದರೆ ನೀರು ತೆಪ್ಪಗಿದೆ, ಮುದುಕರು ಜಗಲಿಯಲ್ಲಿ ಕೂತು ಎಲೆಯಡಿಕೆ ಜಗಿಯುತ್ತಿದ್ದಾರೆ. ಕಾಲು ಗಂಟೆ ಹೋಯಿತು. ನೋಣಯ್ಯ ಪಂಪಿನ ಪೈಪನ್ನು ತಬ್ಬಿಕೊಂಡು ಬದುಕಿದ. ಮೇಲೆ ಬಂದವನು ಹೆಂಡತಿಗೆ ಹೇಳಿದ ಮೊದಲ ಮಾತು, “ಒಂದು ಸಲ ಹೇಳಿದ್ರೆ ನಿಂಗೆ ಎಂತ ಹೋಗ್ತಿತ್ತು?” ವಾರಿಜಕ್ಕ ಅಳುತ್ತಲೇ, “ಹೇಳದ್ದಕ್ಕೇ ನೀವು ಉಳಿದದ್ದು” ಎಂದರು.

ಇಂಥವರ ಬಾಯಲ್ಲಿ ಈಗ ಆ ಹೆಸರು ಹೊರಡಬೇಕು, ದಿನಕ್ಕೆ ನೂರು ಸಲ.

ಹರ್ಷಿತಾ ಮಗುವನ್ನು ಹೆಗಲಿಗೆ ಹಾಕಿಕೊಂಡು ತೀರ್ಪು ಕೊಟ್ಟಳು. “ಅಪ್ಪ, ನನಗೆ ನಿಮ್ಮ ಹೆಸರು ಬೇಡ ಅಂತ ಇಲ್ಲ. ಮೂರು ಜನ ಹೊತ್ತ ಹೆಸರು, ನಾಲ್ಕನೆಯವನೂ ಹೊರಲಿ. ಆದರೆ ಅಮ್ಮನ ಬಾಯಲ್ಲಿ ಬಾರದ ಹೆಸರು ನನ್ನ ಮಗುವಿಗೆ ಬೇಡ. ತೊಟ್ಟಿಲ ಹತ್ತಿರ ಅಮ್ಮ ಮೂರು ಸಲ ಹೇಳಿದರೆ ನೋಣಯ್ಯ. ಇಲ್ಲದಿದ್ದರೆ ಮನ್ವಿತ್.”

ಅಜ್ಜಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ಆ ಮನೆಯ ಕ್ರಮ. ನಿತೇಶನ ಮುಖ ಅರಳಿತು. ಅತ್ತೆಯನ್ನು ಅವನು ಚೆನ್ನಾಗಿ ಬಲ್ಲ. “ಆಗ್ಬಹುದು. ಆದರೆ ಕಿವಿಯಲ್ಲಿ ಗುಸುಗುಸು ಮಾಡಿದ್ರೆ ಲೆಕ್ಕ ಇಲ್ಲ ಅತ್ತೆ. ನಾನು ಹೇಗೂ ಸೆಟ್ ತರ್ತೇನೆ. ಮೈಕಿನಲ್ಲೇ ಹೇಳ್ಬೇಕು.”

“ಮೈಕೂ ಇಲ್ಲ, ಬಾಯೂ ಇಲ್ಲ” ಎಂದು ವಾರಿಜಕ್ಕ ಒಳಗೆ ಹೋದರು. ಸೌಟು ಪಾತ್ರೆಗೆ ಬಡಿದ ಸದ್ದಿನಲ್ಲೇ ಉಳಿದ ಮಾತು ಇತ್ತು.

ನೋಣಯ್ಯ ಮೊಪೆಡು ಹತ್ತಿದ. ನನಗೂ ಹತ್ತು ಎಂದ. ಕೈಕಂಬದಲ್ಲಿ ರಹಿಮಾನನ ಅಂಗಡಿಯ ಮುಂದೆ ಇಳಿದು, “ಒಂದೇ ದಾರಿ ಉಂಟು” ಎಂದ. “ನಾನು ಸೇವೆಯಿಂದ ಇಳೀಬೇಕು. ನನ್ನ ಮೇಲೆ ಹೆಸರು ಇಲ್ಲದಿದ್ದರೆ ಇವಳು ಹೇಳುವುದು ನನ್ನ ಹೆಸರಲ್ಲ, ಮಗುವಿನದು. ಆಗ ಅವಳ ಅಜ್ಜಿಯ ಮಾತೂ ಅಡ್ಡ ಬರುವುದಿಲ್ಲ, ಆಯುಷ್ಯದ ಪ್ರಶ್ನೆಯೂ ಬರುವುದಿಲ್ಲ.”

ರಹಿಮಾನ್ ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಪೂರ್ತಿ ಕೇಳಿದ. ಸೂಜಿ ತೆಗೆದು, “ನಮ್ಮ ಮನೆಯಲ್ಲಿ ಇಷ್ಟು ಕಷ್ಟ ಇಲ್ಲ ಮಾರಾಯ” ಎಂದ. “ನನ್ನ ಮೊಮ್ಮಗನೂ ಅಬ್ದುಲ್ ರಹಿಮಾನ್. ಊಟಕ್ಕೆ ಕರೆದರೆ ಇಬ್ಬರೂ ಬರ್ತೇವೆ, ಅಂಗಡಿಗೆ ಕರೆದರೆ ಇಬ್ಬರೂ ಬರುವುದಿಲ್ಲ.”

“ಅದೇ ಹೇಳುವುದು, ನಿಮ್ಮದರಲ್ಲಿ ಶಿಸ್ತಿಲ್ಲ ಅಂತ. ನಂಗೊಂದು ಬಾವುಟ ಬೇಕು. ಹಡಗು ಸೇವೆಯಿಂದ ಇಳಿಯುವಾಗ ಉದ್ದ ಪಟ್ಟಿ ಹಾರಿಸ್ತಾರೆ. ಸೇವೆ ಎಷ್ಟು ಹೆಚ್ಚೋ ಪಟ್ಟಿ ಅಷ್ಟು ಉದ್ದ.”

“ಮನುಷ್ಯನಿಗೆ ಎಷ್ಟು ಉದ್ದ?”

ಇದು ನೌಕಾಪಡೆಯ ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ನೋಣಯ್ಯ ಬೆರಳು ಮಡಚಿ ಲೆಕ್ಕ ಹಾಕಿ, “ವರ್ಷಕ್ಕೆ ಒಂದು ಅಡಿ. ಅರವತ್ತಮೂರು” ಎಂದ.

“ಅರವತ್ತಮೂರು ಅಡಿ! ಅಷ್ಟು ಉದ್ದದ ಬಟ್ಟೆ ಮದುಮಗಳಿಗೂ ಬೇಡ. ನೀನು ಇನ್ನೂ ಚಿಕ್ಕ ಪ್ರಾಯದಲ್ಲಿ ಬಿಡಬೇಕಿತ್ತು ಹೆಸರು.” ಬೈಯುತ್ತಲೇ ಅವನು ಕಪಾಟಿನ ಕೆಳಗಿನಿಂದ ಲೈನಿಂಗಿನ ಬಿಳಿ ಬಟ್ಟೆಯ ತುಂಡುಗಳನ್ನೆಲ್ಲ ಎಳೆದು ಹಾಕಿದ. ಎರಡು ದಿನ ಹೊಲಿದ. ಕೂಲಿ ಕೇಳಿದ್ದಕ್ಕೆ, “ನೀನು ಇನ್ನು ಯಾರೂ ಅಲ್ಲ. ಯಾರೂ ಅಲ್ಲದವನ ಹತ್ತಿರ ಕೂಲಿ ತಗೊಳ್ಳುವುದು ಹೇಗೆ?” ಎಂದ.

ಸಮಾರಂಭ ತೊಟ್ಟಿಲಿನ ಹಿಂದಿನ ದಿನ, ಸೂರ್ಯ ಮುಳುಗುವ ಹೊತ್ತಿಗೆ. ಹಡಗಿನಲ್ಲೂ ಕೊನೆಯ ಬಾವುಟ ಇಳಿಸುವುದು ಆಗಲೇ ಅಂತೆ. ಅಂಗಳದ ಮಧ್ಯೆ ಹಲಸು ಕೊಯ್ಯುವ ದೋಟಿಗೆ ಪಟ್ಟಿ ಕಟ್ಟಿ ನಿಲ್ಲಿಸಿದರು. ದೋಟಿ ಇಪ್ಪತ್ತು ಅಡಿ, ಪಟ್ಟಿ ಅರವತ್ತಮೂರು. ಉಳಿದದ್ದು ಅಂಗಳ ದಾಟಿ ಹಟ್ಟಿಯವರೆಗೆ ಹೋಗಿ ಗಂಗೆಯ ಕೊಂಬಿಗೆ ಸುತ್ತಿಕೊಂಡಿತು. ಅವಳು ತಲೆ ಕೊಡವಿದಾಗಲೆಲ್ಲ ಬಾವುಟ ಹಾರಿದಂತೆ ಕಾಣುತ್ತಿತ್ತು. ನೋಣಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಅಂಗಿಗೆ ಮೂವತ್ತು ವರ್ಷದ ಹಿಂದಿನ ಹೊಟ್ಟೆಯ ಅಳತೆ. ಎರಡು ಗುಂಡಿ ಸೇರಲಿಲ್ಲ.

ಇಳಿಯುವ ಹಡಗಿನ ಸೇವಾಚರಿತ್ರೆಯನ್ನು ಓದಬೇಕಂತೆ. ಆ ಕೆಲಸ ನನಗೆ ಬಂತು. ಬಾಯ್ಲರ್ ಐದು ವರ್ಷ, ಪಂಪು ಇಪ್ಪತ್ತೊಂಬತ್ತು ವರ್ಷ, ಧರಣಿ ಹದಿನೇಳು, ಪೊಲೀಸರ ಪೆಟ್ಟು ಒಂದು, ಅದೂ ನನಗೆ ಬೀಳಬೇಕಾದದ್ದು, ಬಾವಿಗೆ ಬಿದ್ದದ್ದು ಒಂದು, ಮಗಳು ಒಂದು ಎಂದು ಓದಿದೆ. “ಹೆಂಡತಿಯನ್ನು ಬಿಟ್ಟಿರಿ” ಎಂದು ಹರಿಣಾಕ್ಷಿಯವರು ಕೂಗಿದರು. “ಹೆಂಡತಿ ಒಂದು” ಎಂದು ಸೇರಿಸಿದೆ. ನಿತೇಶ್ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದ. ಪೊಳಲಿಯ ಹೊಳೆಯಾಚೆ ಸೂರ್ಯ ಇಳಿದಾಗ ನೋಣಯ್ಯ ಎರಡು ಬೆರಳು ಬಾಯಿಗಿಟ್ಟು ಉದ್ದಕ್ಕೆ ಸಿಳ್ಳೆ ಹಾಕಿ ಸೆಲ್ಯೂಟ್ ಹೊಡೆದ. ನಾನೂ ರಹಿಮಾನನೂ ದೋಟಿ ಇಳಿಸಿದೆವು. ಪಟ್ಟಿಯನ್ನು ಮಡಚಿ ಮುಗಿಸಲು ಹತ್ತು ನಿಮಿಷ ಬೇಕಾಯಿತು.

“ಈಗ ನಿನ್ನನ್ನು ಎಂತ ಅಂತ ಕರೆಯುವುದು?” ಎಂದು ಕೇಳಿದೆ.

“ಹಡಗು ಇಳಿದ ಮೇಲೆ ಹೆಸರಿನ ಹಿಂದೆ ಮಾಜಿ ಅಂತ ಹಾಕ್ತಾರೆ. ಮಾಜಿ ಸಾಕು.”

“ಪಂಚಾಯತಿನಲ್ಲಿ ಮಾಜಿಗಳು ತುಂಬಾ ಜನ ಇದ್ದಾರೆ.”

“ಅವರು ಇಳಿಯುವಾಗ ಅತ್ತವರು. ನಾನು ಸಿಳ್ಳೆ ಹಾಕಿ ಇಳಿದವನು.”

ವಾರಿಜಕ್ಕ ಇಡೀ ಹೊತ್ತು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ನಗಲಿಲ್ಲ, ಬೈಯಲೂ ಇಲ್ಲ. ಮಡಚಿದ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಅವರ ಮುಖ ನೋಡಿದರೆ ನಾಳೆ ಹುಡುಗ ಮನ್ವಿತ್ ಆಗುವುದು ಖಂಡಿತ ಎಂದು ನನಗನಿಸಿತು.

ಬೆಳಿಗ್ಗೆ ಹತ್ತು ಗಂಟೆಗೆ ತೊಟ್ಟಿಲು. ನಿತೇಶ್ ಅಳದಂಗಡಿಯಿಂದ ಎರಡು ದೊಡ್ಡ ಸ್ಪೀಕರ್ ಬಾಕ್ಸು ತಂದು ಹೆಂಚಿನ ಮಾಡಿಗೆ ಕಟ್ಟಿದ್ದ. ಮಗುವಿನ ತೊಟ್ಟಿಲಿಗೋ ರಾಜಕೀಯ ಸಭೆಗೋ ಎಂದು ಕೇಳಬೇಕು, ಹಾಗಿತ್ತು. ತೊಟ್ಟಿಲಿನ ಒಳಗೆ ಹಾಸಿದ್ದು ರಹಿಮಾನನ ಬಿಳಿ ಪಟ್ಟಿ, ಇಪ್ಪತ್ತು ಮಡಿಕೆಯಲ್ಲಿ. ಅದನ್ನು ಹಾಸಿದ್ದು ವಾರಿಜಕ್ಕ. ನನಗೆ ಆಗ ಸ್ವಲ್ಪ ಧೈರ್ಯ ಬಂತು.

ಮಗುವನ್ನು ಮಲಗಿಸಿದರು. ನಿತೇಶ್ ಮೈಕನ್ನು ಅತ್ತೆಯ ಮುಂದೆ ಹಿಡಿದ. ವಾರಿಜಕ್ಕ ಬಗ್ಗಿದರು. ಎದ್ದರು. ಸೆರಗು ಸರಿಮಾಡಿದರು. ಮತ್ತೆ ಬಗ್ಗಿದರು. ಬಾಕ್ಸಿನಲ್ಲಿ ಅವರ ಉಸಿರು ಮಾತ್ರ ಕೇಳಿಸುತ್ತಿತ್ತು, ಬಿರುಗಾಳಿಯ ಹಾಗೆ.

“ಓಯ್” ಎಂದರು ಕೊನೆಗೆ, ಮಗುವಿಗಲ್ಲ, ಗಂಡನಿಗೆ. ಅದೂ ಮೈಕಿನಲ್ಲಿ ಹೋಯಿತು. “ನಿಮ್ಮ ಮೇಲೆ ಈಗ ಅದು ಇಲ್ಲ ಅಲ್ವಾ?”

“ಇಲ್ಲ.”

“ಪೂರ್ತಿ ಇಳಿಸಿದ್ದೀರಾ? ನಾಳೆ ಬೇಕು ಅಂತ ಹೇಳ್ಲಿಕ್ಕಿಲ್ಲ.”

“ಇಳಿಸಿದ್ದು ಇಳಿಸಿದ್ದೇ. ಕಬ್ಬಿಣ ಇಲ್ಲೇ ಉಂಟು, ಹೆಸರು ತೊಟ್ಟಿಲಲ್ಲಿ ಉಂಟು.”

“ಬಾವಿಗೆ ಬಿದ್ದರೂ ಇವರು ಅಂತಲೇ ಹೇಳುವುದು ನಾನು.”

“ಹಾಗೇ ಹೇಳು.”

ವಾರಿಜಕ್ಕ ಕಣ್ಣು ಮುಚ್ಚಿಕೊಂಡು ತೊಟ್ಟಿಲಿಗೆ ಬಗ್ಗಿ, ಮೂವತ್ತೊಂಬತ್ತು ವರ್ಷ ಹಲ್ಲಿನ ಹಿಂದೆ ಕಟ್ಟಿಹಾಕಿದ್ದ ಹೆಸರನ್ನು ಬಿಟ್ಟರು. “ನೋಣಯ್ಯಾ!”

ಮಾಡಿನ ಮೇಲಿನ ಹೆಂಚು ಅದುರಿತು. ಹೆಸರು ಗುಡ್ಡಕ್ಕೆ ಬಡಿದು ವಾಪಸು ಬಂತು.

“ಓ!” ಎಂದ ನಮ್ಮವನು. ಎರಡು ಹೆಜ್ಜೆ ಮುಂದೆ ಬಂದೂಬಿಟ್ಟಿದ್ದ.

“ನಿಮ್ಮನ್ನಲ್ಲ!” ಎಂದು ವಾರಿಜಕ್ಕ ಗದರಿದರು. ಅಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಉಳಿದ ಎರಡು ಸಲವನ್ನು ಅವರು ಸಲೀಸಾಗಿ ಹೇಳಿದರು. ಮೂರನೆಯದರಲ್ಲಿ ಅವರಿಗೆ ಒಂದು ಬಗೆಯ ರುಚಿ ಹತ್ತಿದಂತಿತ್ತು. ನಿತೇಶ್ ಮೈಕು ಆಫ್ ಮಾಡಿ, “ಸೋತೆ ಅತ್ತೆ” ಎಂದು ಅವರ ಕಾಲು ಮುಟ್ಟಿದ.

ಪಾಯಸ ಬಡಿಸುವಷ್ಟರಲ್ಲಿ ಗದ್ದೆಯ ಕಡೆಯಿಂದ ಜನ ಓಡಿ ಬಂದರು. ಒಂಬತ್ತೋ ಹತ್ತೋ ಮಂದಿ, ಏದುಸಿರು, ಇಬ್ಬರ ಹೆಗಲ ಮೇಲೆ ಹಗ್ಗದ ಸುರುಳಿ. ಮುಂದೆ ಇದ್ದವನು ಅಂಗಳದಲ್ಲಿ ಯಾರನ್ನೂ ನೋಡದೆ ನೇರವಾಗಿ ಬಾವಿಗೆ ಹೋಗಿ ಇಣುಕಿದ. ಆಮೇಲೆ ತಿರುಗಿದರೆ, ಬಾವಿಯಲ್ಲಿರಬೇಕಾದವನು ಜಗಲಿಯಲ್ಲಿ ಪಾಯಸದ ಲೋಟ ಹಿಡಿದು ನಿಂತಿದ್ದಾನೆ.

“ವಾರಿಜಕ್ಕ ನಿಮ್ಮ ಹೆಸರು ಹಿಡಿದು ಕೂಗಿದ್ರಲ್ಲ!” ಎಂದು ಅವನು ಬೈದ. “ಅವರ ಬಾಯಲ್ಲಿ ಅದು ಬಂತು ಅಂದರೆ ನಾವೆಂತ ಗ್ರಹಿಸುವುದು? ಇವತ್ತು ಮುಗಿದೇಹೋಯ್ತು ಅಂತ ಓಡಿ ಬಂದೆವು.”

“ಈ ಸಲ ಬಾವಿ ಮಾತ್ರ ಸರಿಯಾದ್ದು ಸಿಕ್ಕಿತಲ್ಲ” ಎಂದ ಮಾಜಿ. “ಬನ್ನಿ, ಬನ್ನಿ. ಪಾಯಸ ಕುಡಿದು ಹೋಗುವ.”

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವನು ಕಾಣಲಿಲ್ಲ. ಹುಡುಕಿದರೆ ಹಟ್ಟಿಯ ಹಿಂದೆ ಕೂತು, ಕೆಟ್ಟಿರದ ಪಂಪಿನ ಬೋಲ್ಟು ಬಿಚ್ಚುತ್ತಿದ್ದ. ಎಂತ ಮಾಡ್ತೀ ಎಂದು ಕೇಳಿದೆ. “ವಾಷರು ನೋಡ್ತೇನೆ” ಎಂದ. ವಾಷರನ್ನು ಬೆಳಕಿಗೆ ಹಿಡಿದು, “ಅವಳ ಬಾಯಲ್ಲಿ ಅದು ಹಾಗೆ ಕೇಳ್ತದೆ ಅಂತ ಗೊತ್ತಿರಲಿಲ್ಲ ಮಾರಾಯ” ಎಂದ. ವಾಷರು ಸರಿಯೇ ಇತ್ತು.

ಈಗ ಆರು ತಿಂಗಳು ದಾಟಿದೆ. ಹರ್ಷಿತಾ ಕೆಲಸಕ್ಕೆ ಹೋಗುತ್ತಾಳೆ. ನಾಲ್ಕನೆಯ ನೋಣಯ್ಯ ಚಾವಡಿಯಲ್ಲಿ ಹೊಟ್ಟೆಯ ಮೇಲೆ ತೆವಳುತ್ತಾನೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಊರಿನ ಜನ ದೊಡ್ಡವನನ್ನು ಮಾಜಿ ಎಂದೇ ಕರೆಯುತ್ತಾರೆ, ಪಂಪು ಕೆಟ್ಟಾಗ ಫೋನಿನಲ್ಲಿ ‘ಮಾಜಿಗಳಾ?’ ಎಂದು ಗೌರವದಿಂದ ಕೇಳುತ್ತಾರೆ. ವಾರಿಜಕ್ಕನಿಗೆ ಅವನು ಮೊದಲಿನ ಹಾಗೇ ‘ಓಯ್’.

ನಾನು ಆ ಮನೆಗೆ ಹೋದಾಗಲೆಲ್ಲ ಅಂಗಳದಿಂದಲೇ ಕೇಳಿಸುತ್ತದೆ. “ನೋಣಯ್ಯಾ, ಪುನಃ ಬಟ್ಟೆ ಚಂಡಿ ಮಾಡಿದೆಯಾ? ನೋಣಯ್ಯಾ, ಬಾಯಿ ತೆಗಿ, ಎಂತ ತಿಂದೆ? ನಿನಗೆ ಹೇಳಿದ್ದು ಒಂದಾದರೂ ಕಿವಿಗೆ ಹೋಗ್ತದಾ ನೋಣಯ್ಯಾ?” ಅಷ್ಟು ಬೈಗುಳ ಆರು ತಿಂಗಳ ಕೂಸಿನ ತಪ್ಪಿಗೆ ಬೇಕಾದದ್ದಲ್ಲ. ಎಷ್ಟೋ ವರ್ಷದ್ದು ಅದರಲ್ಲಿ ಕೂಡಿಕೊಂಡಿದೆ. ಮಾಜಿ ಜಗಲಿಯಲ್ಲಿ ಕಾಲು ಚಾಚಿ ಕೂತು, ಒಂದೊಂದನ್ನೂ ಕೇಳಿ ತಲೆಯಾಡಿಸುತ್ತಾನೆ.

“ಕೇಳಿಸಿತಾ?” ಎಂದು ನನ್ನನ್ನು ಕೇಳುತ್ತಾನೆ. “ಸೇವೆಗೆ ಇಳಿದು ಆರೇ ತಿಂಗಳು. ಆಗಲೇ ಯುದ್ಧ ಶುರು.”